ಸೊಲ್ಲಾಪುರದ ಎರಡು ಬಾಗಿಲು, ಅಕ್ಕಲಕೋಟೆಯ ಒಂದು ಪಂಕ್ತಿ

ಸೊಲ್ಲಾಪುರವು ಕನ್ನಡ, ಮರಾಠಿ, ತೆಲುಗು ಮೂರೂ ಒಂದೇ ಪೇಟೆಯಲ್ಲಿ ಕೇಳಿಬರುವ ನಗರ. ಚಾದರ, ಟವೆಲುಗಳಿಂದ ದೇಶಕ್ಕೆಲ್ಲ ಪರಿಚಿತವಾದ ಈ ಊರಿಗೆ ಊಟದ ಕೀರ್ತಿಯೂ ಉಂಟು. ದಿನಗಟ್ಟಲೆ ಕೆಡದ ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ ಇವೆಲ್ಲ ವಿಜಯಪುರ, ಕಲಬುರಗಿಗಳ ಅಡುಗೆಮನೆಯ ನೆಂಟರೇ. ಇವನ್ನು ಅರಸಿ ಹೊರಟ ಪ್ರವಾಸಿಗೆ ಹೋಟೆಲುಗಳ ಮುಂದೆ ಎರಡು ಫಲಕಗಳು ಕಾಣುತ್ತವೆ: 'ಫ್ಯಾಮಿಲಿ ರೂಮ್', 'ಪರ್ಮಿಟ್ ರೂಮ್'.

ಎರಡನೆಯ ಹೆಸರಿನ ಹಿಂದೆ ಒಂದು ಕಾಯಿದೆಯಿದೆ. ಸೊಲ್ಲಾಪುರವು ಮುಂಬಯಿ ರಾಜ್ಯದಲ್ಲಿದ್ದಾಗ, 1949ರಲ್ಲಿ, ಪಾನನಿಷೇಧ ಕಾಯಿದೆ ಬಂದಿತು. ಅದು ಇಂದಿಗೂ ಮಹಾರಾಷ್ಟ್ರದಲ್ಲಿ ಜಾರಿಯಲ್ಲಿದೆ. ಅದರ ಪ್ರಕಾರ ಮದ್ಯ ಸೇವಿಸುವವನ ಬಳಿ ಸರ್ಕಾರದ ಪರವಾನಗಿ ಇರಬೇಕು. ಆ ಪರವಾನಗಿ ದೊರೆಯುವುದು ಆರೋಗ್ಯರಕ್ಷಣೆಯ ಹೆಸರಿನಲ್ಲಿ! ಬಿಯರ್, ವೈನ್‌ಗಳಿಗೆ 21 ವರ್ಷ, ವಿಸ್ಕಿಯಂತಹ ತೀಕ್ಷ್ಣ ಮದ್ಯಕ್ಕೆ 25 ವರ್ಷ ತುಂಬಿರಬೇಕು. ಹೀಗೆ ಪರವಾನಗಿಯ ಕೋಣೆಯು ವಯಸ್ಕರ ಭೋಜನಶಾಲೆಯೂ ಆಯಿತು.

ಇಂತಹ ವಿಂಗಡಣೆ ಬೇರೆಡೆಯೂ ಇದೆ. ಮಕ್ಕಳಿಗಾಗಿಯೇ ಹೆಸರಾದ ಡಿಸ್ನಿ ಸಂಸ್ಥೆಯ ವಿಹಾರನೌಕೆಗಳಲ್ಲಿ 'ಪಾಲೊ' ಎಂಬ ಭೋಜನಶಾಲೆಗೆ 18 ತುಂಬಿದವರಿಗಷ್ಟೇ ಪ್ರವೇಶ. ಅಲ್ಲಿ ಮಕ್ಕಳನ್ನು ಆಟದ ಕೋಣೆಯಲ್ಲಿ ಬಿಟ್ಟು ದಂಪತಿಗಳು ನಿಶ್ಚಿಂತೆಯಿಂದ ಉಣ್ಣುತ್ತಾರೆ. ಮಕ್ಕಳನ್ನು ನೋಡಿಕೊಳ್ಳುವವರಿರುವುದರಿಂದ ಆ ಬಾಗಿಲು ಯಾರ ಹಸಿವಿಗೂ ಅಡ್ಡಬರುವುದಿಲ್ಲ. ಹೆದ್ದಾರಿಯ ಬದುಕು ಹಾಗಲ್ಲ. ತಡರಾತ್ರಿ ಎಳೆಯ ಮಕ್ಕಳೊಂದಿಗೆ ಬಂದಿಳಿದ ಕುಟುಂಬಕ್ಕೆ, ಒಲೆ ಉರಿಯುತ್ತಿರುವುದು ಪರ್ಮಿಟ್ ರೂಮಿನಲ್ಲಿ ಮಾತ್ರ ಎಂದಾದರೆ, ಬಿಸಿ ರೊಟ್ಟಿಯ ಬದಲು ಬಿಸ್ಕತ್ತಿನ ಪೊಟ್ಟಣವೇ ಗತಿ.

'ಫ್ಯಾಮಿಲಿ ರೂಮ್' ಎಂಬುದಕ್ಕೂ ಒಂದು ಹಿನ್ನೆಲೆಯಿದೆ. ಗಿರಣಿಯ ಊರುಗಳಲ್ಲಿ ಖಾನಾವಳಿಯೆಂದರೆ ಊರು ಬಿಟ್ಟು ಬಂದ ಒಂಟಿ ಗಂಡಸರ ಊಟದ ಮನೆ. ಅಲ್ಲಿ ಹೆಣ್ಣುಮಕ್ಕಳು ಸಂಕೋಚವಿಲ್ಲದೆ ಕುಳಿತುಣ್ಣಲು ಪರದೆಯ ಮರೆಯೊಂದು ಬೇಕಾಯಿತು. ಆ ಪರದೆ ಅನೇಕ ಮಹಿಳೆಯರಿಗೆ ಹೋಟೆಲಿನ ಬಾಗಿಲನ್ನು ತೆರೆಯಿತು. ಆದರೆ ಇಂದು ಅದೇ ಫಲಕದ ಕೆಳಗೆ, ಬಿಡಿಯಾಗಿ ಬಂದ ಕೂಲಿಕಾರನನ್ನು 'ಒಳಗೆ ಫ್ಯಾಮಿಲಿ ಇದ್ದಾರೆ' ಎಂದು ತಡೆಯುವುದುಂಟು. ಸಂಸಾರವಂದಿಗನಾದರೂ ಆ ಹೊತ್ತಿಗೆ ಸಂಸಾರ ಜೊತೆಗಿಲ್ಲದ್ದೇ ಅವನ ಅಪರಾಧ.

ಇಲ್ಲಿಂದ ಆಗ್ನೇಯಕ್ಕೆ ಸುಮಾರು 40 ಕಿಲೋಮೀಟರ್ ಸಾಗಿದರೆ ಅಕ್ಕಲಕೋಟೆ. ಹಿಂದೆ ಭೋಸಲೆ ಮನೆತನದ ಸಂಸ್ಥಾನವಾಗಿದ್ದ ಈ ಊರಿನ ತಾಲೂಕಿನಲ್ಲಿ ಕನ್ನಡ ಇಂದಿಗೂ ಮನೆಮಾತು, ಶಾಲೆಯ ಮಾತು. ಸುಮಾರು ಎರಡು ದಶಕ ಇಲ್ಲಿ ನೆಲೆಸಿದ್ದ ಸ್ವಾಮಿ ಸಮರ್ಥರು 1878ರಲ್ಲಿ ಸಮಾಧಿಸ್ಥರಾದರು. ಅವರ ಹೆಸರಿನಲ್ಲಿ 1988ರಲ್ಲಿ ಆರಂಭವಾದ ಅನ್ನಛತ್ರ ಮಂಡಳದಲ್ಲಿ ಮಧ್ಯಾಹ್ನ, ರಾತ್ರಿ ಎರಡು ಹೊತ್ತೂ ಉಚಿತ ಮಹಾಪ್ರಸಾದ. ಗುರುವಾರಗಳಂದು ಜನಸಾಗರ. ಪುಣೆಯ ಕಾರಿನವರು, ಆಳಂದದ ಬಸ್ಸಿನವರು, ಮೊಮ್ಮಗನ ಕೈಹಿಡಿದ ಅಜ್ಜಿ, ಒಂಟಿ ಹಮಾಲ ಎಲ್ಲರೂ ಒಂದೇ ಸಾಲಿನಲ್ಲಿ ನಿಂತು, ಒಂದೇ ಪಂಕ್ತಿಯಲ್ಲಿ ಕೂರುತ್ತಾರೆ. ಬಡಿಸುವವನು ವಯಸ್ಸು ಕೇಳುವುದಿಲ್ಲ. ಜೊತೆಯಲ್ಲಿ ಯಾರಿದ್ದಾರೆಂದೂ ಕೇಳುವುದಿಲ್ಲ.

ಈ ನೆಲಕ್ಕೆ ಇದು ಹೊಸತೂ ಅಲ್ಲ. ಸೊಲ್ಲಾಪುರವು ಸೊನ್ನಲಿಗೆಯಾಗಿದ್ದ 12ನೆಯ ಶತಮಾನದಲ್ಲಿ ಸಿದ್ಧರಾಮರು ಎಲ್ಲರಿಗೂ ನೀರಾಗಲೆಂದು ಕೆರೆ ಕಟ್ಟಿಸಿದರು. ದಾಸೋಹವೆಂಬ ಮಾತನ್ನು ಕನ್ನಡನಾಡಿಗೆ ಕಲಿಸಿದ ಶರಣರ ಸಾಲಿನವರು ಅವರು.

ಅನ್ನಛತ್ರದ ನಿಯಮವನ್ನು ವ್ಯಾಪಾರದ ಹೋಟೆಲಿಗೆ ಹಾಗೆಯೇ ಹೇರಲಾಗದು. ಮದ್ಯದ ಮೇಜಿನಿಂದ ಮಕ್ಕಳನ್ನು ದೂರವಿಡುವುದು ನ್ಯಾಯವೇ. ಆದರೆ ಕಾಯಿದೆ ವಯಸ್ಸಿನ ಗೆರೆ ಎಳೆದಿರುವುದು ಮದ್ಯಕ್ಕೆ. ರೊಟ್ಟಿಗೆ ಯಾವ ಗೆರೆಯನ್ನೂ ಎಳೆದಿಲ್ಲ. ಪರ್ಮಿಟ್ ರೂಮಿನ ಒಲೆಯಿಂದಲೇ ಹೊರಗಿನ ಜಗಲಿಗೆ ಎರಡು ತಟ್ಟೆ ತಂದಿಡಲು, ಫ್ಯಾಮಿಲಿ ರೂಮಿನ ಖಾಲಿ ಕುರ್ಚಿಯೊಂದನ್ನು ಒಂಟಿ ಕೂಲಿಕಾರನಿಗೆ ಬಿಟ್ಟುಕೊಡಲು ಮಾಲೀಕನಿಗೆ ಮನಸ್ಸಿದ್ದರೆ ಸಾಕು. ಅದಕ್ಕೆ ಯಾವ ಪರವಾನಗಿಯೂ ಬೇಕಿಲ್ಲ.