ಗೋಧಿ ಹೊಲದಡಿಯ ಪಟ್ಟಣ

ವಿಯೆನ್ನಾ

ಅಪ್ಪನಿಗೆ ನಮಸ್ಕಾರಗಳು.

ನಾವಿಲ್ಲಿ ಕ್ಷೇಮ. ಮೊನ್ನೆ ಭಾನುವಾರ ಕಾರ್ನುಂಟಮ್ ಎಂಬ ರೋಮನ್ನರ ಕಾಲದ ಪಟ್ಟಣಕ್ಕೆ ಹೋಗಿಬಂದೆವು. ಇಲ್ಲಿಂದ ಪೂರ್ವಕ್ಕೆ ಸುಮಾರು 40 ಕಿಲೋಮೀಟರು. ರೈಲು ಇಳಿದರೆ ಪೆಟ್ರೊನೆಲ್ ಅನ್ನುವ ಹಳ್ಳಿ, ಸುತ್ತ ಗೋಧಿ ಹೊಲ, ಆಚೆಗೆ ಗಾಳಿಯಂತ್ರಗಳ ಸಾಲು. ಒಂದು ಕಾಲಕ್ಕೆ ಇಲ್ಲಿ 50,000 ಜನ ಇದ್ದರು ಅಂದರೆ ನಂಬುವುದು ಕಷ್ಟ. ಡ್ಯಾನ್ಯೂಬ್ ನದಿಯೇ ರೋಮನ್ನರ ಗಡಿ. ಅದನ್ನು ಕಾಯಲು ದಂಡು ಬಂತು, ದಂಡಿನ ಬೆನ್ನಿಗೆ ವ್ಯಾಪಾರಿಗಳು ಬಂದರು, ಊರು ಬೆಳೆಯಿತು.

ಬರೀ ಮುರುಕು ಗೋಡೆಗಳಾಗಿದ್ದರೆ ಅರ್ಧ ಗಂಟೆಯಲ್ಲಿ ಮಕ್ಕಳು ಹಟ ಶುರುಮಾಡುತ್ತಿದ್ದರು. ಇಲ್ಲಿ ಕೆಲವು ಮನೆಗಳನ್ನೂ ಒಂದು ಸ್ನಾನಗೃಹವನ್ನೂ ರೋಮನ್ ಪದ್ಧತಿಯಲ್ಲೇ ಮತ್ತೆ ಕಟ್ಟಿದ್ದಾರೆ. ಸ್ನಾನಗೃಹದಲ್ಲಿ ನಾನು ಬಗ್ಗಿ ನೆಲಕ್ಕೆ ಅಂಗೈ ಇಟ್ಟೆ: ಬೆಚ್ಚಗಿತ್ತು! ಗಿಡ್ಡ ಇಟ್ಟಿಗೆ ಕಂಬಗಳ ಮೇಲೆ ನೆಲ ಎತ್ತಿ ಹಾಸಿರುತ್ತಾರೆ. ಬೆಂಕಿ ಹಾಕಿದರೆ ಬಿಸಿಗಾಳಿ ಆ ಸಂದಿಯಲ್ಲೆಲ್ಲ ಸುಳಿದು, ಗೋಡೆಯೊಳಗಿನ ಟೊಳ್ಳು ಇಟ್ಟಿಗೆಗಳ ಮೂಲಕ ಮೇಲೇರುತ್ತದೆ. ಒಲೆಯ ಬಾಯಿ ಮಾತ್ರ ಆಚೆ ಕಡೆ, ನಮ್ಮ ಊರಮನೆಯ ಬಚ್ಚಲೊಲೆಯ ಹಾಗೆ. ಸ್ನಾನ ಮಾಡುವವರ ಕಣ್ಣಿಗೆ ಹೊಗೆಯಿಲ್ಲ, ಹೊಗೆಯೆಲ್ಲ ಸೌದೆ ತುರುಕುವ ಗುಲಾಮರ ಪಾಲು.

ಹೀಗೆ ಹೊಸದಾಗಿ ಕಟ್ಟುವುದು ಸರಿಯೇ ಎಂದು ನೀವು ಕೇಳುತ್ತೀರಿ, ಗೊತ್ತು. ನನಗಂತೂ ಹಿಡಿಸಿತು. ಆದರೆ ಅದಕ್ಕಿಂತ ಹೆಚ್ಚು ಹಿಡಿಸಿದ್ದು ಹೊಲದ ನಡುವೆ ನಿಂತಿರುವ ಹೈಡನ್‌ಟೋರ್. ನಾಲ್ಕನೇ ಶತಮಾನದ ನಾಲ್ಕು ಕಾಲಿನ ದೊಡ್ಡ ಕಮಾನು, ಈಗ ಉಳಿದಿರುವುದು ಎರಡೇ ಕಾಲು. ಅದರ ಮುಂದೆ ಒಂದು ಪಾರದರ್ಶಕ ಫಲಕ ನೆಟ್ಟು, ಪೂರ್ತಿ ಕಟ್ಟಡದ ಗೆರೆಚಿತ್ರ ಬಿಡಿಸಿದ್ದಾರೆ. ಸರಿಯಾದ ಜಾಗದಲ್ಲಿ ನಿಂತು ನೋಡಿದರೆ ಗೆರೆಗಳು ಕಲ್ಲಿಗೆ ಕೂಡಿಕೊಂಡು ಕಮಾನು ಎದ್ದು ನಿಲ್ಲುತ್ತದೆ. ಕಲ್ಲನ್ನು ಮುಟ್ಟದೆ ಕಟ್ಟಿದ ಹಾಗಾಯಿತು!

ಊರಿನ ಬಹುಪಾಲು ಇನ್ನೂ ಮಣ್ಣಿನಡಿಯೇ ಇದೆ. ಗ್ಲಾಡಿಯೇಟರುಗಳನ್ನು ಪಳಗಿಸುತ್ತಿದ್ದ ಶಾಲೆ ಪತ್ತೆಯಾದ ಸುದ್ದಿ ಹೊರಬಿದ್ದದ್ದು 2011ರಲ್ಲಿ. ಸಲಿಕೆ ಹಾಕದೆ, ಹೊಲದ ಮೇಲೆ ರಾಡಾರ್ ಓಡಿಸಿಯೇ ಅಭ್ಯಾಸದ ಅಂಗಳ, ಸಾಲು ಕೋಣೆ, ಸ್ನಾನದ ಮನೆ ಎಲ್ಲವನ್ನೂ ಗುರುತಿಸಿದರು. ಬಾವಿಗೆ ನೀರಿನ ಸೆಲೆ ನೋಡಿಸಲು ನೀವು ತೆಂಗಿನಕಾಯಿ ಹಿಡಿದವರನ್ನು ಕರೆಸಿದ್ದಿರಲ್ಲ, ಅವರಿಗೂ ಇಂಥದ್ದೊಂದು ಇರಬೇಕಿತ್ತು.

ಚಕ್ರವರ್ತಿಗಳು ಇಲ್ಲಿಗೆ ಬಂದುಹೋಗುತ್ತಲೇ ಇದ್ದರು. ಮಾರ್ಕಸ್ ಆರೇಲಿಯಸ್ ಯುದ್ಧದ ನಡುವೆ ತನ್ನ ಚಿಂತನೆಗಳಲ್ಲಿ ಕೆಲವನ್ನು ಬರೆದದ್ದು ಇಲ್ಲೇ. ನಿಮಗೆ ಹೇಳಲೇಬೇಕಾದದ್ದು ಮಾತ್ರ ಡಯೊಕ್ಲೀಷಿಯನ್ ಕಥೆ. 305ರಲ್ಲಿ ತಾನಾಗಿಯೇ ಪಟ್ಟ ಬಿಟ್ಟು ಕಡಲತೀರದ ತನ್ನ ಊರಿನ ಕಡೆಗೆ ಹೋದವನು. ಉತ್ತರಾಧಿಕಾರಿಗಳು ಕಚ್ಚಾಡತೊಡಗಿದಾಗ, 308ರಲ್ಲಿ, ರಾಜಿ ಪಂಚಾಯಿತಿಗೆಂದು ಅವನನ್ನು ಇಲ್ಲಿಗೆ ಕರೆಸಿದರು. ಮತ್ತೆ ಅಧಿಕಾರ ಹಿಡಿ ಎಂದು ಬೇಡಿಕೊಂಡವರಿಗೆ, ನಾನು ಕೈಯಾರೆ ಬೆಳೆದ ಕೋಸನ್ನು ಒಮ್ಮೆ ನೋಡಿದ್ದರೆ ನೀವು ಹೀಗೆ ಕೇಳುತ್ತಿರಲಿಲ್ಲ ಎಂದನಂತೆ. ಬೆಂಗಳೂರಿಗೆ ಬಂದುಬಿಡಿ ಎಂದು ಅಣ್ಣ ಒತ್ತಾಯಿಸಿದಾಗಲೆಲ್ಲ ನೀವು ಬದನೆ ಗಿಡಗಳ ಕಡೆ ಕೈ ತೋರಿಸುವುದು ನೆನಪಾಗಿ ಅಲ್ಲೇ ನಕ್ಕುಬಿಟ್ಟೆ.

ಅಮ್ಮ ಕಳಿಸಿದ ಚಟ್ನಿಪುಡಿ ಬುತ್ತಿಗೆ ಚೆನ್ನಾಗಿ ಒದಗಿತು. ಇನ್ನೊಂದು ಡಬ್ಬಿ ಮಾಡಿಡಲು ಹೇಳಿ, ಡಿಸೆಂಬರಿನಲ್ಲಿ ಬಂದಾಗ ಒಯ್ಯುತ್ತೇನೆ.

ಇತಿ,
ನಿಮ್ಮ ಮಗಳು