ಅಂಗೈಯಗಲದ ಕಡಲು

ದೊಡ್ಡದನ್ನು ಚಿಕ್ಕದಾಗಿಸಿ ಕಣ್ಣ ಮುಂದೆ ಇರಿಸಿಕೊಳ್ಳಬೇಕೆಂಬ ಆಸೆ ಮನುಷ್ಯನಿಗೆ ಬಹು ಹಿಂದಿನಿಂದಲೂ ಇದೆ. ಈಜಿಪ್ಟಿನ ಅಸ್ಯೂಟ್ ಎಂಬಲ್ಲಿ, ಸುಮಾರು 4000 ವರ್ಷಗಳ ಹಿಂದೆ ತೀರಿಕೊಂಡ ಮೆಸೆಹ್ತಿ ಎಂಬ ಅಧಿಕಾರಿಯ ಗೋರಿಯಲ್ಲಿ, ಮರದ ಸೈನಿಕರ ಎರಡು ದಳಗಳು ದೊರೆತಿವೆ. ಒಂದೊಂದು ದಳದಲ್ಲಿಯೂ 40 ಮಂದಿ. ಒಂದು ದಳದವರ ಕೈಯಲ್ಲಿ ಈಟಿ ಮತ್ತು ಗುರಾಣಿ, ಇನ್ನೊಂದು ದಳದವರ ಕೈಯಲ್ಲಿ ಬಿಲ್ಲುಬಾಣ. ಸಾಲಾಗಿ ಹೆಜ್ಜೆ ಹಾಕುತ್ತಿರುವ ಆ ಯೋಧರ ಎತ್ತರ ಒಂದೇ ಸಮನಾಗಿಲ್ಲ. ಒಬ್ಬ ತುಸು ಕುಳ್ಳ, ಒಬ್ಬ ತುಸು ನೀಳ. ಕೆತ್ತಿದವನು ನಿಜವಾದ ಸೈನ್ಯವನ್ನು ಕಣ್ಣಾರೆ ಕಂಡವನಿರಬೇಕು.

ಮೈಸೂರು ಸೀಮೆಯ ಮನೆಗಳಲ್ಲಿ ನವರಾತ್ರಿಯ ಗೊಂಬೆಗಳನ್ನು ಕೂರಿಸುವಾಗ, ಮೆಟ್ಟಿಲುಗಳ ಪಕ್ಕದಲ್ಲಿ ಒಂದಿಷ್ಟು ಮಣ್ಣು ಹರಡಿ, ರಾಗಿಯ ಪೈರು ಬೆಳೆಸಿ, ನಡುವೆ ಕನ್ನಡಿಯ ಚೂರೊಂದನ್ನಿಟ್ಟು ಕೆರೆಯೆಂದು ಹೇಳುವುದುಂಟು. ಮಕ್ಕಳು ಅದನ್ನು ಕೆರೆಯೆಂದೇ ನಂಬುತ್ತಾರೆ. ಆದರೆ ನಡೆದ ಒಂದು ಘಟನೆಯನ್ನು, ನಡೆದ ಸ್ಥಳದಲ್ಲಿ, ನಡೆದ ಗಳಿಗೆಯಲ್ಲಿ, ಅಳತೆ ತಪ್ಪದಂತೆ ಕಿರಿದು ಮಾಡಿ ನಿಲ್ಲಿಸುವ ಕೆಲಸವೇ ಬೇರೆ. ಅದಕ್ಕೆ ಡಯೋರಾಮ ಎಂದು ಹೆಸರು. ಈ ಹೆಸರನ್ನು ಪ್ರಸಿದ್ಧಿಗೆ ತಂದವನು ಫ್ರಾನ್ಸಿನ ಲೂಯಿ ಡಾಗೇರ್. ಛಾಯಾಚಿತ್ರ ಕಲೆಯ ಮೂಲಪುರುಷರಲ್ಲಿ ಒಬ್ಬನಾದ ಈತ 1822ರಲ್ಲಿ ಪ್ಯಾರಿಸ್ ನಗರದಲ್ಲಿ ಒಂದು ಪ್ರದರ್ಶನ ಶಾಲೆಯನ್ನು ತೆರೆದು, ಭಾರಿ ಪರದೆಗಳ ಮೇಲೆ ಚಿತ್ರಗಳನ್ನು ಬರೆಸಿ, ಬೆಳಕನ್ನು ಬದಲಿಸುತ್ತ ಹಗಲನ್ನು ಇರುಳಾಗಿಸಿ ತೋರಿಸುತ್ತಿದ್ದನು. ಆ ಶಾಲೆ 1839ರಲ್ಲಿ ಬೆಂಕಿಗೆ ಆಹುತಿಯಾಯಿತು. ಹೆಸರು ಮಾತ್ರ ಉಳಿದು, ಗೊಂಬೆಗಳನ್ನಿಟ್ಟು ಮಾಡುವ ದೃಶ್ಯಗಳಿಗೆ ಅಂಟಿಕೊಂಡಿತು.

ಯುದ್ಧದ ಪ್ರತಿಕೃತಿಗಳಲ್ಲಿ ಕ್ಯಾಪ್ಟನ್ ವಿಲಿಯಂ ಸೈಬೋರ್ನ್ ಮಾಡಿದ ವಾಟರ್ಲೂ ರಣರಂಗದ ಕಥೆ ಬಹಳ ಪ್ರಸಿದ್ಧವಾದುದು. 1815ರ ಜೂನ್ 18ರಂದು ನೆಪೋಲಿಯನ್ ಸೋತ ಕದನ ಅದು. ಗೆದ್ದ ಸೇನಾನಿ ಡ್ಯೂಕ್ ಆಫ್ ವೆಲಿಂಗ್ಟನ್. 1799ರಲ್ಲಿ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿದ್ದು, ಟಿಪ್ಪುವಿನ ಪತನದ ನಂತರ ಆ ಊರಿನ ಆಡಳಿತವನ್ನು ವಹಿಸಿಕೊಂಡಿದ್ದ ಆರ್ಥರ್ ವೆಲ್ಲೆಸ್ಲಿಯೇ ಆತ. ಸೈಬೋರ್ನ್ ಆ ಕದನದಲ್ಲಿ ಇರಲಿಲ್ಲ. ಆದರೆ 1830ರಲ್ಲಿ ಬ್ರಿಟಿಷ್ ಸೇನೆಯ ಮುಖ್ಯಸ್ಥರು ಪ್ರತಿಕೃತಿಯ ಕೆಲಸವನ್ನು ಅವನಿಗೆ ಒಪ್ಪಿಸಿದಾಗ, ಅವನು ರಣರಂಗದ ನಡುವೆಯೇ ಇದ್ದ ಲಾ ಹೇ ಸೇಂತ್ ಎಂಬ ತೋಟದ ಮನೆಯಲ್ಲಿ ಎಂಟು ತಿಂಗಳು ತಂಗಿ, ದಿಬ್ಬ ತಗ್ಗುಗಳನ್ನೆಲ್ಲ ಅಳೆದನು. ಕದನದಲ್ಲಿ ಭಾಗವಹಿಸಿ ಬದುಕಿ ಉಳಿದಿದ್ದ ಅಧಿಕಾರಿಗಳಿಗೆ ಪತ್ರಗಳನ್ನು ಬರೆದನು. ಸಂಜೆ ಏಳು ಗಂಟೆಯ ಹೊತ್ತಿಗೆ ನಿಮ್ಮ ಪಡೆ ಎಲ್ಲಿತ್ತು, ಎದುರಿಗೆ ಯಾರಿದ್ದರು, ಕಾಲಡಿಯ ಹೊಲದಲ್ಲಿ ಯಾವ ಬೆಳೆ ಇತ್ತು ಎಂದು ಕೇಳಿದನು. ಬೆಳೆಯ ವಿಷಯ ಏಕೆ ಎಂದು ಯಾರಿಗಾದರೂ ಅನ್ನಿಸಬಹುದು. ಆಳೆತ್ತರದ ಪೈರಿನಲ್ಲಿ ನಿಂತ ಸೈನಿಕನಿಗೆ ಕಾಣುವುದೇ ಬೇರೆ, ತುಳಿದು ಮಟ್ಟವಾದ ಹೊಲದಲ್ಲಿ ನಿಂತವನಿಗೆ ಕಾಣುವುದೇ ಬೇರೆ.

ಸರ್ಕಾರ 1833ರಲ್ಲಿ ಹಣ ಕೊಡುವುದನ್ನು ನಿಲ್ಲಿಸಿತು. ಸೈಬೋರ್ನ್ ಕೆಲಸ ಬಿಡಲಿಲ್ಲ. ತನ್ನ ಹಣವನ್ನು ಹಾಕಿದನು, ಸಾಲ ಮಾಡಿದನು. ಸುಮಾರು 400 ಚದರ ಅಡಿಗಳ ಆ ಪ್ರತಿಕೃತಿಯ ಮೇಲೆ, ಬೆರಳಿನ ಉಗುರಿನಷ್ಟು ಎತ್ತರದ ಸುಮಾರು 75,000 ಲೋಹದ ಸೈನಿಕರು ನಿಂತರು. 1838ರಲ್ಲಿ ಲಂಡನ್ನಿನ ಈಜಿಪ್ಶಿಯನ್ ಹಾಲ್‌ನಲ್ಲಿ ಅದರ ಪ್ರದರ್ಶನ ನಡೆದು, ಸುಮಾರು ಒಂದು ಲಕ್ಷ ಜನ ತಲೆಗೆ ಒಂದು ಷಿಲ್ಲಿಂಗ್ ತೆತ್ತು ನೋಡಿದರು. ಆದರೂ ಅವನು ಹಾಕಿದ ಹಣ ಅವನಿಗೆ ಹಿಂತಿರುಗಲಿಲ್ಲ.

ಅದಕ್ಕಿಂತ ದೊಡ್ಡ ಕಷ್ಟ ಬೇರೊಂದಿತ್ತು. ಅಂದು ಸಂಜೆ ವೆಲಿಂಗ್ಟನ್ನನ ನೆರವಿಗೆ ಪ್ರಷ್ಯನ್ ಸೈನ್ಯ ಬಂದಿತ್ತು. ತಾನು ಸಂಗ್ರಹಿಸಿದ ಸಾಕ್ಷ್ಯಗಳನ್ನು ನಂಬಿ ಸೈಬೋರ್ನ್ ಆ ಹೊತ್ತಿನಲ್ಲಿ ಪ್ರಷ್ಯನ್ನರು ಎಷ್ಟು ದೂರ ಮುಂದೆ ಬಂದಿದ್ದರೋ ಅಷ್ಟು ದೂರಕ್ಕೆ ಅವರ ಗೊಂಬೆಗಳನ್ನು ನಿಲ್ಲಿಸಿದ್ದನು. ಇದು ವೆಲಿಂಗ್ಟನ್ನನಿಗೆ ಮೆಚ್ಚುಗೆಯಾಗಲಿಲ್ಲ. ಗೆಲುವಿನ ಕೀರ್ತಿ ಹಂಚಿಹೋಗುವುದು ಯಾರಿಗೆ ತಾನೆ ರುಚಿಸುತ್ತದೆ? ಕೊನೆಗೆ ಸೈಬೋರ್ನ್ ಸಾವಿರಾರು ಪ್ರಷ್ಯನ್ ಗೊಂಬೆಗಳನ್ನು ಅಲ್ಲಿಂದ ಕಿತ್ತು ತೆಗೆದನು. 1849ರಲ್ಲಿ ಅವನು ತೀರಿಕೊಂಡನು. ಪ್ರತಿಕೃತಿ ಲಂಡನ್ನಿನ ರಾಷ್ಟ್ರೀಯ ಸೇನಾ ವಸ್ತುಸಂಗ್ರಹಾಲಯದಲ್ಲಿದೆ. ಅವನಿಗೆ ಬಂದ ಪತ್ರಗಳೂ ಉಳಿದಿವೆ. 1891ರಲ್ಲಿ ಅವನ ಮಗ ಅವುಗಳಲ್ಲಿ ಹಲವನ್ನು ಪುಸ್ತಕವಾಗಿ ಅಚ್ಚು ಮಾಡಿಸಿದನು. ಗೊಂಬೆಗಳನ್ನು ಕೀಳಬಹುದಾಗಿತ್ತು, ಪತ್ರಗಳನ್ನು ಅಳಿಸುವುದು ಅಷ್ಟು ಸುಲಭವಾಗಿರಲಿಲ್ಲ.

ವಾಟರ್ಲೂವಿನಲ್ಲಿ ಹೊಲ, ಗದ್ದೆ, ಕೆಸರು ಇದ್ದವು, ಕಡಲು ಇರಲಿಲ್ಲ. ಡಯೋರಾಮ ಮಾಡುವವನ ಕೌಶಲ ನಿಜವಾಗಿ ಒರೆಗೆ ಹತ್ತುವುದು ನೀರು ಬಂದಾಗ. ಇದಕ್ಕೆ ಡಂಕರ್ಕ್ ತೀರದ ದೃಶ್ಯಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಎರಡನೆಯ ಮಹಾಯುದ್ಧದಲ್ಲಿ ಜರ್ಮನ್ ಸೇನೆ ಮೂರು ಕಡೆಯಿಂದ ಒತ್ತಿ ಬಂದಾಗ, ಬ್ರಿಟಿಷ್ ಮತ್ತು ಫ್ರೆಂಚ್ ಪಡೆಗಳು ಫ್ರಾನ್ಸಿನ ಆ ಕಡಲತೀರದಲ್ಲಿ ಸಿಕ್ಕಿಬಿದ್ದವು. 1940ರ ಮೇ 26ರಿಂದ ಜೂನ್ 4ರವರೆಗೆ, ಹಡಗುಗಳಲ್ಲಿಯೂ ಮೀನುದೋಣಿ, ವಿಹಾರದೋಣಿಗಳಲ್ಲಿಯೂ 3,38,226 ಮಂದಿಯನ್ನು ಇಂಗ್ಲೆಂಡಿಗೆ ದಾಟಿಸಲಾಯಿತು. ಮೊದಲು ಅಧಿಕಾರಿಗಳು ಆಸೆಪಟ್ಟಿದ್ದುದು 45,000 ಮಂದಿಯನ್ನು ಉಳಿಸಿದರೆ ಸಾಕೆಂದು. ಆ ತೀರದಲ್ಲಿ ಕಡಲಿನ ಆಳ ಬಹಳ ನಿಧಾನವಾಗಿ ಹೆಚ್ಚುತ್ತದೆ; ದೊಡ್ಡ ಹಡಗುಗಳು ದಡದ ಹತ್ತಿರಕ್ಕೆ ಬರಲಾರವು. ಆದ್ದರಿಂದ ಸೈನಿಕರು ಸಾಲುಗಟ್ಟಿ ನೀರಿಗಿಳಿದು, ಮೊಣಕಾಲು, ಸೊಂಟ, ಭುಜದವರೆಗೆ ಮುಳುಗಿ, ದೋಣಿಗಳಿಗಾಗಿ ಗಂಟೆಗಟ್ಟಲೆ ಕಾದರು. ಕೆಲವು ಕಡೆ ಕಡಲು ಇಳಿದಿದ್ದಾಗ ಲಾರಿಗಳನ್ನು ಒಂದರ ಹಿಂದೆ ಒಂದರಂತೆ ಮರಳಿನಲ್ಲಿ ಓಡಿಸಿ ನಿಲ್ಲಿಸಿ, ಅವುಗಳ ಮೇಲೆ ಹಲಗೆ ಹಾಸಿ, ಉಬ್ಬರ ಬಂದಾಗ ನಡೆದುಹೋಗಲು ಕಟ್ಟೆ ಮಾಡಿಕೊಂಡರು.

ಇಷ್ಟನ್ನೆಲ್ಲ ಮೇಜಿನ ಮೇಲೆ ತರುವುದು ಹೇಗೆ? ಮೊದಲು ಅಳತೆಯ ಪ್ರಶ್ನೆ. ಇಂತಹ ಕೆಲಸದಲ್ಲಿ ಬಹಳವಾಗಿ ಬಳಕೆಯಲ್ಲಿರುವ ಒಂದು ಪ್ರಮಾಣ 1:72. ಎಂದರೆ ನಿಜವಾದುದರ ಎಪ್ಪತ್ತೆರಡನೆಯ ಒಂದು ಪಾಲು. ಐದೂವರೆ ಅಡಿಗಿಂತ ಸ್ವಲ್ಪ ಎತ್ತರವಿರುವ ಮನುಷ್ಯ ಆಗ 24 ಮಿಲಿಮೀಟರಿನ ಗೊಂಬೆಯಾಗುತ್ತಾನೆ. ಆದರೆ ಒಂದು ಮೈಲಿ ಉದ್ದದ ಕಡಲತೀರ ಅದೇ ಪ್ರಮಾಣದಲ್ಲಿ 22 ಮೀಟರಿಗೂ ಹೆಚ್ಚಾಗುತ್ತದೆ. ಯಾವ ಮನೆಯ ಕೋಣೆಯಲ್ಲಿಯೂ ಅದು ಹಿಡಿಯದು. ಆದುದರಿಂದ ಮಾಡುವವನು ತೀರದ ಒಂದು ತುಣುಕನ್ನು, ಒಂದು ಗಳಿಗೆಯನ್ನು ಆಯ್ದುಕೊಳ್ಳಲೇಬೇಕು. ಲಾರಿಗಳ ಕಟ್ಟೆ ಬೇಕಿದ್ದರೆ ಕಡಲು ಎಷ್ಟು ಏರಿದೆ ಎಂಬುದನ್ನು ಮೊದಲೇ ನಿಶ್ಚಯಿಸಬೇಕು. ನೀರು ಚಕ್ರದ ಮಟ್ಟಕ್ಕಿದ್ದರೆ ಒಂದು ಕಥೆ, ಕಿಟಕಿಯ ಮಟ್ಟಕ್ಕಿದ್ದರೆ ಇನ್ನೊಂದು ಕಥೆ.

ನೀರಿನ ದೃಶ್ಯಕ್ಕೆ ನೀರನ್ನೇ ಏಕೆ ಸುರಿಯಬಾರದು ಎಂಬ ಪ್ರಶ್ನೆ ಸಹಜವಾದುದೇ. ಉತ್ತರ ಮಾತ್ರ ಸ್ವಾರಸ್ಯವಾಗಿದೆ. ಮನುಷ್ಯನನ್ನು, ಹಡಗನ್ನು, ಬಂಡೆಯನ್ನು ಕಿರಿದು ಮಾಡಬಹುದು. ನೀರನ್ನು ಕಿರಿದು ಮಾಡಲು ಬರುವುದಿಲ್ಲ. ಒಂದು ಹನಿ ನೀರು ಗೊಂಬೆಯ ಪಕ್ಕದಲ್ಲಿಯೂ ಒಂದು ಹನಿಯೇ. ಅಲ್ಲಿ ಅದು ಗೊಂಬೆಯ ತಲೆಗಿಂತ ದೊಡ್ಡದಾಗಿ ಗುಂಡಗೆ ನಿಲ್ಲುತ್ತದೆ. ನೀರಿನ ಮೇಲ್ಮೈ ಗೊಂಬೆಯ ಸುತ್ತ ಅಂಚುಗಟ್ಟಿ ಮೇಲಕ್ಕೇರುತ್ತದೆ. ಅಲೆ ಎಬ್ಬಿಸಲು ಹೋದರೆ ತಟ್ಟೆಯಲ್ಲಿ ನೀರು ತುಳುಕಿದಂತೆ ಕಾಣುತ್ತದೆಯೇ ಹೊರತು ಕಡಲಿನ ಗಾಂಭೀರ್ಯ ಬರುವುದಿಲ್ಲ. ಹೀಗಾಗಿ ನಿಜವಾದ ನೀರು ಸುಳ್ಳಾಗಿ ತೋರುತ್ತದೆ. ನಿಜದಂತೆ ತೋರಬೇಕಾದರೆ ಬೇರೆ ಪದಾರ್ಥವನ್ನೇ ಹುಡುಕಬೇಕು.

ಹಲಗೆಯ ಮೇಲೆ ಥರ್ಮೊಕೋಲ್ ಅಂಟಿಸಿ, ಮರಳ ದಂಡೆಯ ಇಳಿಜಾರನ್ನು ಕೊಯ್ದು, ಮೇಲೆ ಪ್ಲಾಸ್ಟರ್ ಬಳಿಯುತ್ತಾರೆ. ಪ್ಲಾಸ್ಟರಿನ ಹೊದಿಕೆ ಇಲ್ಲದಿದ್ದರೆ ಕೆಲವು ಬಗೆಯ ರೆಸಿನ್ ಥರ್ಮೊಕೋಲನ್ನೇ ಕರಗಿಸಿಬಿಡುತ್ತದೆ. ಅನಂತರ ಕಡಲ ತಳಕ್ಕೆ ಬಣ್ಣ. ದಡದಲ್ಲಿ ಒದ್ದೆ ಮರಳಿನ ಬಣ್ಣ, ಮುಂದೆ ಹೋದಂತೆ ಹಸುರು ಬೆರೆತ ಬೂದಿ, ಇನ್ನೂ ಮುಂದೆ ಕಪ್ಪಿಗೆ ತಿರುಗುವ ಬೂದಿ. ಆಳ ತೋರುವುದು ನೀರಿನಿಂದಲ್ಲ, ಈ ಬಣ್ಣದಿಂದ. ಕಡಲನ್ನು ನೀಲಿಯಾಗಿ ಬಳಿಯುವವರು ಬಹುಶಃ ಕ್ಯಾಲೆಂಡರಿನ ಚಿತ್ರಗಳನ್ನು ಹೆಚ್ಚಾಗಿ ನೋಡಿದವರು. ಡಂಕರ್ಕ್‌ನಲ್ಲಿ ಎಣ್ಣೆಯ ತೊಟ್ಟಿಗಳು ಉರಿದು ಕರಿಯ ಹೊಗೆ ಆಕಾಶವನ್ನು ಮುಚ್ಚಿತ್ತು. ಆ ಹೊಗೆಯ ಕೆಳಗೆ ಕಡಲು ನೀಲಿಯಾಗಿರಲು ಸಾಧ್ಯವೇ ಇಲ್ಲ.

ಬಣ್ಣ ಒಣಗಿದ ಮೇಲೆ ಪಾರದರ್ಶಕವಾದ ರೆಸಿನ್ನನ್ನು ಗಟ್ಟಿಯಾಗಿಸುವ ದ್ರವದೊಡನೆ ಹೇಳಿದ ಅಳತೆಗೆ ಸರಿಯಾಗಿ ಬೆರೆಸಿ, ಕೆಲವೇ ಮಿಲಿಮೀಟರ್ ದಪ್ಪದ ಪದರುಗಳಾಗಿ ಸುರಿಯಬೇಕು. ಗಟ್ಟಿಯಾಗುವಾಗ ಅದು ಬಿಸಿಯಾಗುತ್ತದೆ. ಅವಸರದಿಂದ ಎಲ್ಲವನ್ನೂ ಒಮ್ಮೆಗೇ ಸುರಿದರೆ ಶಾಖ ಹೆಚ್ಚಾಗಿ ಬಿರುಕು ಬಿಡುತ್ತದೆ. ಒಂದು ಪದರು ಆರುವವರೆಗೆ ಕಾಯಬೇಕು. ಧೂಳು ಬೀಳದಂತೆ ಮುಚ್ಚಿಡಬೇಕು. ಗಾಳಿಯ ಗುಳ್ಳೆಗಳನ್ನು ಸೂಜಿಯಿಂದ ಒಡೆಯಬೇಕು. ಅದರ ಆವಿ ಒಳ್ಳೆಯದಲ್ಲವಾದ್ದರಿಂದ ಕಿಟಕಿ ತೆರೆದಿಟ್ಟು, ಕೈಗವಸು ತೊಟ್ಟು ಮಾಡಬೇಕಾದ ಕೆಲಸವಿದು. ರೆಸಿನ್ ಆರಿದಾಗ ಗಾಜಿನಂತೆ ನುಣ್ಣಗಿರುತ್ತದೆ. ಡಂಕರ್ಕ್‌ನ ಅದೃಷ್ಟಕ್ಕೆ ಆ ದಿನಗಳಲ್ಲಿ ಹೆಚ್ಚಾಗಿ ಕಡಲು ಶಾಂತವಾಗಿತ್ತು. ಆದರೂ ದಡಕ್ಕೆ ತಾಗುವ ಕಿರುದೆರೆಗಳನ್ನು ಪಾರದರ್ಶಕ ಅಂಟಿನಿಂದ ಎಳೆದು, ನೊರೆಗೆ ಬಿಳಿಯ ಬಣ್ಣವನ್ನು ಹೆಚ್ಚುಕಡಿಮೆ ಒಣಗಿದ ಕುಂಚದಿಂದ ಸವರುತ್ತಾರೆ.

ಇನ್ನು ಗೊಂಬೆಗಳು. ನೀರಿನಲ್ಲಿ ನಿಂತವನನ್ನು ನೀರಿನ ಮಟ್ಟಕ್ಕೆ ಕೊಯ್ಯಬೇಕು. ಆಳ ಹೆಚ್ಚಿದಂತೆ ಕೊಯ್ತವೂ ಮೇಲೇರುತ್ತದೆ. ನೀರಿನಲ್ಲಿ ನಡೆಯುವ ಮನುಷ್ಯ ನೆಲದ ಮೇಲೆ ನಡೆಯುವವನಂತೆ ನೆಟ್ಟಗಿರುವುದಿಲ್ಲ. ಮುಂದಕ್ಕೆ ಬಾಗಿರುತ್ತಾನೆ, ತೋಳುಗಳು ಮೇಲೆದ್ದಿರುತ್ತವೆ, ಬಂದೂಕು ತಲೆಗಿಂತ ಎತ್ತರದಲ್ಲಿರುತ್ತದೆ. ಅವನ ಉಡುಪು ನೀರಿನ ಮಟ್ಟದಿಂದ ಗೇಣುದ್ದ ಮೇಲಿನವರೆಗೂ ನೆನೆದು ಕಪ್ಪಾಗಿರುತ್ತದೆ, ಏಕೆಂದರೆ ಅಲೆ ಬಂದು ಹೋಗಿದೆ. ಈ ಒಂದು ಗೇಣಿನ ಕಪ್ಪು ಇಲ್ಲದಿದ್ದರೆ ಅಷ್ಟು ಶ್ರಮದ ಕಡಲು ಗಾಜಿನ ಹಲಗೆಯಾಗಿ ಕಾಣುತ್ತದೆ.

ಪೆಟ್ಟಿಗೆಯಲ್ಲಿ ಬರುವ ಗೊಂಬೆಗಳಲ್ಲಿ ಭಂಗಿಗಳು ಕೆಲವೇ. ನೂರಾರು ಮಂದಿಯನ್ನು ನಿಲ್ಲಿಸಿದಾಗ ಅವಳಿಗಳು ಎದ್ದು ಕಾಣುತ್ತಾರೆ; ಮನುಷ್ಯನ ಕಣ್ಣಿಗೆ ಸಾಮ್ಯವನ್ನು ಪತ್ತೆಮಾಡುವ ಚಟವಿದೆ. ಆದ್ದರಿಂದ ಒಬ್ಬನ ತಲೆಯನ್ನು ಕೊಯ್ದು ಪಕ್ಕಕ್ಕೆ ತಿರುಗಿಸುತ್ತಾರೆ, ಇನ್ನೊಬ್ಬನ ತೋಳನ್ನು ಬದಲಿಸುತ್ತಾರೆ, ಮತ್ತೊಬ್ಬನಿಗೆ ಪುಟ್ಟಿಯಿಂದ ಒಂದು ಕಂಬಳಿ ಹೊದಿಸುತ್ತಾರೆ. ಬಹಳ ಹೊತ್ತು ನಿಂತವನು ಎರಡು ಕಾಲುಗಳ ಮೇಲೆ ಸಮನಾಗಿ ನಿಲ್ಲುವುದಿಲ್ಲ, ಒಂದು ಕಾಲಿಗೆ ಭಾರ ಕೊಟ್ಟಿರುತ್ತಾನೆ. ಸಾಲು ಎಂದರೆ ಗೆರೆ ಎಳೆದಂತಲ್ಲ. ಅಲ್ಲಲ್ಲಿ ದಟ್ಟ, ಅಲ್ಲಲ್ಲಿ ವಿರಳ. ಮರಳಿನ ಮೇಲೆ ಏನೂ ಇಲ್ಲದ ಜಾಗವನ್ನು ಬಿಡುವ ಧೈರ್ಯವೂ ಬೇಕು. ಹೊಸಬರು ಆ ಜಾಗವನ್ನು ತುಂಬಿಬಿಡುತ್ತಾರೆ.

ಯಾರನ್ನು ನಿಲ್ಲಿಸಬೇಕು ಎಂಬುದು ಮಾತ್ರ ಕೈಚಳಕದಿಂದ ಬಗೆಹರಿಯುವ ಪ್ರಶ್ನೆಯಲ್ಲ. ಡಂಕರ್ಕ್‌ನಿಂದ ದಾಟಿದವರೆಲ್ಲ ಬ್ರಿಟಿಷರಲ್ಲ. ಒಂದು ಲಕ್ಷಕ್ಕೂ ಹೆಚ್ಚು ಮಂದಿ ಫ್ರೆಂಚರು. ಅವರ ಶಿರಸ್ತ್ರಾಣದ ಆಕಾರವೇ ಬೇರೆ. ಅಷ್ಟೇ ಅಲ್ಲ, ಅಲ್ಲಿ ಭಾರತೀಯರೂ ಇದ್ದರು. ಬ್ರಿಟಿಷ್ ಸೇನೆ ಯಂತ್ರವಾಹನಗಳಿಗೆ ಒಗ್ಗಿಹೋಗಿ ಸಾಗಣೆಯ ಪ್ರಾಣಿಗಳನ್ನು ಬಿಟ್ಟುಕೊಟ್ಟಿತ್ತು. ಕೆಸರು, ಹಿಮಗಳಲ್ಲಿ ಅವುಗಳ ಅಗತ್ಯ ಕಂಡುಬಂದಾಗ ಭಾರತದಿಂದ ಹೇಸರಗತ್ತೆಗಳ ನಾಲ್ಕು ತುಕಡಿಗಳನ್ನು ಕರೆಸಿಕೊಂಡರು. 1939ರ ಡಿಸೆಂಬರ್ 26ರಂದು ಅವರು ಫ್ರಾನ್ಸಿನ ಮಾರ್ಸೇಲ್ಸ್ ಬಂದರಿನಲ್ಲಿ ಇಳಿದರು. ಅವರಲ್ಲಿ ಹೆಚ್ಚಿನವರು ಪಂಜಾಬಿನ ಮುಸಲ್ಮಾನರು. ಮರುವರ್ಷದ ಸೋಲಿನಲ್ಲಿ ಒಂದು ತುಕಡಿ ಜರ್ಮನರ ಸೆರೆ ಸಿಕ್ಕಿತು. ಡಂಕರ್ಕ್ ತಲುಪಿದವರು ಇತರರೊಡನೆ ಇಂಗ್ಲೆಂಡಿಗೆ ದಾಟಿದರು. ಹಿಮಗಾಲವೆಲ್ಲ ಸಾಕಿ ಸಲಹಿದ್ದ ಪ್ರಾಣಿಗಳನ್ನು ಫ್ರಾನ್ಸಿನಲ್ಲಿಯೇ ಬಿಟ್ಟು ಬರಬೇಕಾಯಿತು.

2017ರಲ್ಲಿ ಡಂಕರ್ಕ್ ಕುರಿತು ದೊಡ್ಡದೊಂದು ಚಲನಚಿತ್ರ ಬಂದಾಗ, ಅದರಲ್ಲಿ ಈ ಭಾರತೀಯರು ಕಾಣಿಸಲಿಲ್ಲವೆಂದು ಹಲವರು ಆಕ್ಷೇಪಿಸಿದರು. ಲಕ್ಷಗಟ್ಟಲೆ ಜನರ ನಡುವೆ ಅವರು ಕೆಲವು ನೂರು ಮಂದಿ ಮಾತ್ರ, ಒಂದು ಚಿಕ್ಕ ತುಣುಕು ತೀರದಲ್ಲಿ ಅವರು ಬರಲೇಬೇಕೆಂದಿಲ್ಲ ಎಂದು ವಾದಿಸುವವರೂ ಉಂಟು. ಲೆಕ್ಕ ಸರಿಯಾಗಿಯೇ ಇದೆ. ಆದರೆ ತೀರದ ಯಾವ ತುಣುಕನ್ನು ಆರಿಸಿಕೊಳ್ಳಬೇಕು ಎಂಬುದು ಮಾಡುವವನ ಕೈಯಲ್ಲಿಯೇ ಇದೆಯಲ್ಲ! ಸೈಬೋರ್ನ್ ನಿಲ್ಲಿಸಿದ್ದವರನ್ನು ಕಿತ್ತನು; ಇಲ್ಲಿ ನಿಲ್ಲಿಸುವುದಕ್ಕೇ ಯಾರಿಗೂ ನೆನಪಾಗದೆ ಹೋಗುತ್ತದೆ.

ನೆನಪಾದವನಿಗೆ ಕೆಲಸ ಹೆಚ್ಚು. ಬ್ರಿಟಿಷ್ ಕಾಲಾಳುಗಳ ಪೆಟ್ಟಿಗೆಯಲ್ಲಿ ಪೇಟ ಸುತ್ತಿದ ಗೊಂಬೆ ಇರುವುದಿಲ್ಲ. ಹೇಸರಗತ್ತೆಗಳನ್ನು ನೀರಿನಂಚಿಗೆ ತಂದು ನಿಲ್ಲಿಸಿದರೆ ನೋಡುವವರಿಗೆ ಬೇಗ ಅರ್ಥವಾದೀತು. ಆದರೆ ಅವು ದೋಣಿ ಹತ್ತಲಿಲ್ಲ, ಆದ್ದರಿಂದ ಅವನು ಅವನ್ನು ಅಲ್ಲಿ ನಿಲ್ಲಿಸುವುದಿಲ್ಲ. ಗುರುತಿಗೆ ಉಳಿಯುವುದು ಪೇಟ ಒಂದೇ. ಮೂರು ಮಿಲಿಮೀಟರಿನ ತಲೆಯ ಮೇಲಿದ್ದ ಶಿರಸ್ತ್ರಾಣವನ್ನು ಅರದಿಂದ ಉಜ್ಜಿ ತೆಗೆದು, ನಡುವೆ ಕುಲಾವಿಯ ಮೊನೆಯೊಂದನ್ನು ಕೂರಿಸಿ, ಪುಟ್ಟಿಯನ್ನು ದಾರದಷ್ಟು ಸಣ್ಣಗೆ ಹೊಸೆದು, ಒದ್ದೆ ಸೂಜಿಯ ತುದಿಯಿಂದ ಸುತ್ತಿನ ಮೇಲೆ ಸುತ್ತು ಹಾಕುತ್ತಾನೆ. ಪುಟ್ಟಿ ಗಟ್ಟಿಯಾಗುವುದರೊಳಗೆ ಅದರ ಮಡಿಕೆಗಳನ್ನು ಗೀರಬೇಕು. ಅದು ಆರುವವರೆಗೆ ಗೊಂಬೆಯನ್ನು ಪಕ್ಕಕ್ಕಿಟ್ಟು, ಇನ್ನೊಂದನ್ನು ಕೈಗೆತ್ತಿಕೊಳ್ಳುತ್ತಾನೆ.