ಪಿನಾಕಿನಿಯ ಬಾಗಿಲು, ಹೊಟ್ಟೆಯ ಉಂಗುರ

ಹೊಸೂರಿನ ಚಂದ್ರಚೂಡೇಶ್ವರನ ಬೆಟ್ಟದ ಮೇಲೆ ನಿಂತರೆ ಒಂದೂರಿನೊಳಗೆ ಎಷ್ಟೊಂದು ಊರು ಎನ್ನಿಸುತ್ತದೆ. ಒಂದು ದಿಕ್ಕಿಗೆ ಸಿಪ್‌ಕಾಟ್ ಕಾರ್ಖಾನೆಗಳ ಉದ್ದುದ್ದ ಶೆಡ್ಡುಗಳು, ಗುಲಾಬಿ ಬೆಳೆಯುವ ಬಿಳಿ ಪಾಲಿಹೌಸ್‌ಗಳು. ಇನ್ನೊಂದು ದಿಕ್ಕಿಗೆ ತಳಿ, ದೇನ್ಕನಿಕೋಟೆಗಳ ಕಡೆ ಹಬ್ಬಿದ ರಾಗಿ ಸೀಮೆ. ನೆರಳಲ್ಲಿ ಕೂತಿದ್ದ ಅಜ್ಜಿಯರು ಒಂದೇ ಮಾತನ್ನು ತಮಿಳಿನಲ್ಲಿ ಎತ್ತಿಕೊಂಡು, ತೆಲುಗಿನಲ್ಲಿ ಬೆಳೆಸಿ, ಕನ್ನಡದಲ್ಲಿ ನಕ್ಕು ಮುಗಿಸಿದರು. ಕರ್ನಾಟಕ, ತಮಿಳುನಾಡುಗಳ ಗಡಿ ಅನ್ನುವುದು ಅತ್ತಿಬೆಲೆಯ ಟೋಲ್ ಹತ್ತಿರವೇ ಉಳಿದುಹೋಗಿತ್ತು. ಮೆಟ್ಟಿಲು ಹತ್ತಿ ಬಂದ ಏದುಸಿರು ಇಳಿಯುವವರೆಗೂ ನಾನು ಅವರ ಮಾತು ಕೇಳುತ್ತಲೇ ಇದ್ದೆ.

ಆ ಏದುಸಿರೇ ನನ್ನನ್ನು ಈ ದಾರಿಗೆ ಹಚ್ಚಿದ್ದು. ನನ್ನ ಬಿಎಂಐ, ಅಂದರೆ ಎತ್ತರಕ್ಕೆ ಹೋಲಿಸಿದ ತೂಕದ ಅಳತೆ, 36; ಜೊತೆಗೆ ಸಕ್ಕರೆ ಕಾಯಿಲೆ. ನಮ್ಮಂಥ ಏಷ್ಯಾದವರಿಗೆ ಸಕ್ಕರೆಯಂಥ ಕಾಯಿಲೆ ಜೊತೆಗಿದ್ದರೆ 32.5 ದಾಟಿದಾಗಲೇ ತೂಕ ಇಳಿಸುವ ಶಸ್ತ್ರಚಿಕಿತ್ಸೆಯ ಮಾತು ಎತ್ತುವುದು ವೈದ್ಯರ ವಾಡಿಕೆ. ಈಚಿನ ಮಾರ್ಗಸೂಚಿಗಳಂತೂ ಆ ಗೆರೆಯನ್ನು ಇನ್ನೂ ಕೆಳಕ್ಕಿಳಿಸಿವೆ. ಓದುತ್ತ ಹೋದ ಹಾಗೆ ನನ್ನ ಮನಸ್ಸು ನಿಂತದ್ದು ಜಠರಕ್ಕೆ ತೊಡಿಸುವ ಬ್ಯಾಂಡ್ ಮೇಲೆ. ಶೂಳಗಿರಿ ಆಚೆಯ ಹಳ್ಳಿಯೊಂದರಲ್ಲಿರುವ ನನ್ನ ಅತ್ತೆಯ ಮಗಳು ಅದನ್ನು ಎಂದೋ ಹಾಕಿಸಿಕೊಂಡಿದ್ದಳು. ಅವಳನ್ನು ನೋಡಲೆಂದೇ ಹೊರಟಿದ್ದೆ.

ಎಂಥ ಕಲ್ಪನೆ ಅದು! ಹೊಟ್ಟೆಯನ್ನು ಕತ್ತರಿಸುವುದಿಲ್ಲ, ಕರುಳನ್ನು ತಿರುಗಿಸಿ ಹೊಲಿಯುವುದಿಲ್ಲ. ಜಠರದ ನೆತ್ತಿಗೆ ಸಿಲಿಕೋನಿನ ಒಂದು ಉಂಗುರ ತೊಡಿಸುತ್ತಾರೆ. ಉಂಗುರದ ಒಳಮೈಗೆ ಗಾಳಿಚೀಲದಂಥ ಪದರ. ಅದರಿಂದ ಹೊರಟ ಸಣ್ಣ ಕೊಳವೆ ಚರ್ಮದ ಕೆಳಗೆ ಹೊಲಿದ ಒಂದು ಪೋರ್ಟಿಗೆ ಸೇರುತ್ತದೆ. ಹೊರಗಿನಿಂದ ಸೂಜಿ ಚುಚ್ಚಿ ಕೆಲವೇ ಮಿಲಿಲೀಟರ್ ಉಪ್ಪುನೀರು ತುಂಬಿದರೆ ಉಂಗುರ ಬಿಗಿಯಾಗುತ್ತದೆ, ಹೀರಿದರೆ ಸಡಿಲವಾಗುತ್ತದೆ. ಬಸಿರಾದವಳಿಗೆ ಸಡಿಲಿಸಿ, ಹೆರಿಗೆಯ ನಂತರ ಮತ್ತೆ ಬಿಗಿ ಮಾಡಬಹುದು. 1980ರ ದಶಕದಲ್ಲಿ ಸ್ವೀಡನ್ನಿನಲ್ಲಿಯೂ ಅಮೆರಿಕದಲ್ಲಿಯೂ ಇಂಥ ಉಂಗುರಗಳು ರೂಪುಗೊಂಡವು. ಅಮೆರಿಕದಲ್ಲಿ ಅದನ್ನು ಮಾಡಿದವರು ಉಕ್ರೇನ್ ಮೂಲದ ಕುಜ್ಮಾಕ್. 1993ರಲ್ಲಿ ಬೆಲ್ಜಿಯಮ್ಮಿನ ಬೆಲಾಶ್ಯೂ ಹೊಟ್ಟೆ ಸೀಳದೆ, ಲ್ಯಾಪರೋಸ್ಕೋಪಿನ ಸಣ್ಣ ತೂತುಗಳಿಂದಲೇ ಅದನ್ನು ತೊಡಿಸಿ ತೋರಿಸಿದರು. 2008ರಲ್ಲಿ ಆಸ್ಟ್ರೇಲಿಯಾದ ಡಿಕ್ಸನ್, ಓಬ್ರಿಯನ್ ತಂಡ, ಸಕ್ಕರೆ ಕಾಯಿಲೆ ಹೊಸದಾಗಿ ಬಂದಿದ್ದ 60 ಜನರ ಮೇಲೆ ನಡೆಸಿದ ಅಧ್ಯಯನವನ್ನು ಪ್ರಕಟಿಸಿತು: ಎರಡು ವರ್ಷಕ್ಕೆ ಬ್ಯಾಂಡ್ ಹಾಕಿಸಿಕೊಂಡವರಲ್ಲಿ ಶೇ. 73 ಮಂದಿಯ ಕಾಯಿಲೆ ಹಿಂದೆ ಸರಿದಿತ್ತು, ಬರೀ ಪಥ್ಯ ಮತ್ತು ಔಷಧಿಯವರಲ್ಲಿ ಶೇ. 13. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಹೊಸೂರು ಬಿಟ್ಟ ಮೇಲೆ ಹೆದ್ದಾರಿ 44ರ ಎರಡೂ ಬದಿಗೆ ಬಂಡೆಗುಡ್ಡಗಳು ಎದ್ದು ನಿಲ್ಲುತ್ತವೆ. ಎರಡು ಗುಡ್ಡಗಳ ನಡುವೆ ಮಾವಿನ ತೋಪು, ತೋಪಿನ ಸೆರಗಿಗೆ ರಾಗಿ, ರಾಗಿಯ ಸಾಲಿನಲ್ಲಿ ಅವರೆ. ನಮ್ಮ ಮುದ್ದೆ ಇಲ್ಲಿ ಕಳಿ. ಕೃಷ್ಣಗಿರಿ ಜಿಲ್ಲೆಯ ಊಟ ನಿಂತಿರುವುದೇ ಅದರ ಮೇಲೆ.

ಅತ್ತೆಯ ಮಗಳು ಬಾಗಿಲಲ್ಲೇ ಕಾಯುತ್ತಿದ್ದಳು. ಒಳಗೆ ಕರೆದೊಯ್ದು ನನ್ನ ಕೈ ಹಿಡಿದು ತನ್ನ ಪಕ್ಕೆಯ ಕೆಳಗೆ ಇಟ್ಟಳು. ಚರ್ಮದಡಿ ಒಂದು ಗಟ್ಟಿ ಗುಂಡಿ ಬೆರಳಿಗೆ ಸಿಕ್ಕಿತು. ಯಾವುದೋ ದೇಶದಲ್ಲಿ ಮಾಡಿದ ವಸ್ತು ಈ ಹಳ್ಳಿಯ ಹೆಣ್ಣಿನ ಮೈಯಲ್ಲಿ ಇಷ್ಟು ವರ್ಷ ಸದ್ದಿಲ್ಲದೆ ದುಡಿದಿದೆ! ನನ್ನ ಕೈ ಅಲ್ಲಿಂದ ಬೇಗ ಏಳಲಿಲ್ಲ.

“ಮೊದಲ ವರ್ಷ ತೂಕ ಸರಸರ ಇಳೀತು. ಆದರೆ ಮುದ್ದೆ ಬಿಡಬೇಕಾಯ್ತು ನೋಡು,” ಅಂದಳು. ನನಗೆ ಹೊಳೆದೇ ಇರಲಿಲ್ಲ. ಮುದ್ದೆಯನ್ನು ಅಗಿಯುವವರುಂಟೆ? ಮುರಿದು, ಸಾರಿನಲ್ಲಿ ಹೊರಳಿಸಿ, ನುಂಗುವುದು. ಬ್ಯಾಂಡ್ ಕೇಳುವುದು ಸರಿಯಾಗಿ ಅದರ ತಿರುಗುಮುರುಗನ್ನು: ಪ್ರತಿ ತುತ್ತೂ ಸಣ್ಣದಿರಬೇಕು, ಹಿಟ್ಟಾಗುವವರೆಗೆ ಅಗಿಯಬೇಕು, ಊಟದ ನಡುವೆ ನೀರು ಕುಡಿಯಬಾರದು. ಉಂಗುರದ ಮೇಲೆ ಉಳಿಯುವ ಚೀಲಕ್ಕೆ ಹಿಡಿಯುವುದು 15ರಿಂದ 30 ಮಿಲಿಲೀಟರ್ ಅಷ್ಟೆ. ಅಂಟುವ ತುತ್ತು ಅಲ್ಲಿ ಸಿಕ್ಕಿಕೊಂಡರೆ ಎದೆ ಹಿಂಡಿ ವಾಂತಿಯೇ ಗತಿ. ಹಬ್ಬದ ಪಂಕ್ತಿಯಿಂದ ಅವಳು ಎಷ್ಟೋ ಸಲ ಎದ್ದು ಹೋಗಿದ್ದಾಳೆ. ಈಗ ರಾಗಿಯನ್ನು ಅಂಬಲಿ ಮಾಡಿಕೊಂಡು ಕುಡಿಯುತ್ತಾಳೆ.

“ಮಾವಿನ ರಸ ಮಾತ್ರ ಯಾವತ್ತೂ ಅಡ್ಡ ಬರಲಿಲ್ಲ,” ಎಂದು ಸೇರಿಸಿದಳು. ಇದರಲ್ಲಿ ಇಡೀ ಕಥೆಯಿದೆ. ಉಂಗುರ ತಡೆಯುವುದು ಗಟ್ಟಿ ಊಟವನ್ನು. ಐಸ್‌ಕ್ರೀಮು, ಪಾನಕ, ಈ ಜಿಲ್ಲೆಯ ಕಾರ್ಖಾನೆಗಳಲ್ಲಿ ಡಬ್ಬಿ ತುಂಬಿ ಪರದೇಶಕ್ಕೆ ಹೋಗುವ ತೋತಾಪುರಿಯ ತಿರುಳು, ಎಲ್ಲ ಸಲೀಸಾಗಿ ಇಳಿದುಹೋಗುತ್ತವೆ. ಮಾವಿನ ಕಾಲದಲ್ಲಿ ಅವಳ ತೂಕ ಮತ್ತೆ ಏರಿದ್ದು ಹಾಗೆ. ಅವಳ ಮನೋಬಲ ಕಡಿಮೆಯೆಂದು ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ. ಹಸಿವಿನ ಹಾರ್ಮೋನಾದ ಗ್ರೆಲಿನ್‌ ಹುಟ್ಟುವ ಜಾಗವನ್ನು ಬ್ಯಾಂಡ್ ತೆಗೆದುಹಾಕುವುದಿಲ್ಲ.

ಮಧ್ಯಾಹ್ನ ಇಬ್ಬರೂ ಕೃಷ್ಣಗಿರಿ ದಾಟಿ ಅಲ್ಲಿನ ಅಣೆಕಟ್ಟೆಗೆ ಹೋದೆವು. ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟಿ, ಬೆಂಗಳೂರಿನ ಅಂಚಿನ ಕೊಳೆಯನ್ನೂ ಹೊತ್ತು, ಹೊಸೂರಿನ ಕೆಲವರಪಳ್ಳಿಯಲ್ಲಿ ನೊರೆಯುಗುಳಿ ಬರುವ ದಕ್ಷಿಣ ಪಿನಾಕಿನಿ ಇಲ್ಲಿ ಮುಖ್ಯಮಂತ್ರಿ ಕಾಮರಾಜರ ಕಾಲದಲ್ಲಿ ಕಟ್ಟಿದ ಗೋಡೆಗೆ ಒರಗಿ ಸಮುದ್ರದ ಹಾಗೆ ಹರಡಿಕೊಂಡಿದೆ. ಅಷ್ಟು ನೀರನ್ನು ಕೆಲವು ಕಬ್ಬಿಣದ ಬಾಗಿಲುಗಳು ಹಿಡಿದಿವೆ. ಒಂದಿಷ್ಟು ಎತ್ತಿದರೆ ಹೊಲಕ್ಕೆ ನೀರು, ಇಳಿಸಿದರೆ ಬೇಸಗೆಗೆ ಉಳಿತಾಯ. 2017ರ ನವೆಂಬರಿನಲ್ಲಿ ಅವುಗಳಲ್ಲೊಂದು ಮುರಿದು, ಕೂಡಿಟ್ಟ ನೀರು ಹೊಳೆ ಪಾಲಾಯಿತು. ಬ್ಯಾಂಡೂ ಇಂಥದೇ ಬಾಗಿಲು. ಜಾರಬಹುದು, ವರ್ಷಾನುಗಟ್ಟಲೆ ಒತ್ತಿ ಒತ್ತಿ ಜಠರದ ಗೋಡೆಯನ್ನೇ ಕೊರೆದು ಒಳಹೋಗಬಹುದು, ಕೊಳವೆ ಸೋರಬಹುದು. ಬಾಗಿಲ ಬಳಿ ಕಾಯುವವರು ಸದಾ ಬೇಕು.

ಅತ್ತೆಯ ಮಗಳಿಗೆ ಆ ಕಾಯುವವರೇ ಇಲ್ಲದಾದರು. ಉಪ್ಪುನೀರು ಹೆಚ್ಚುಕಡಿಮೆ ಮಾಡಿಸಲು ಪ್ರತಿ ಸಲ ಹೊಲ, ಹಸು, ಮಕ್ಕಳನ್ನು ಬಿಟ್ಟು ಬೆಂಗಳೂರಿಗೆ ಬಸ್ಸು ಹತ್ತಬೇಕಿತ್ತು. ಕ್ರಮೇಣ ಅವಳು ಹೋಗುವುದನ್ನು ನಿಲ್ಲಿಸಿದಳು. ಅಷ್ಟರಲ್ಲಿ ಜಗತ್ತೇ ಬ್ಯಾಂಡಿನಿಂದ ದೂರ ಸರಿದಿತ್ತು. ಅಮೆರಿಕದಲ್ಲಿ 2011ರಲ್ಲಿ ತೂಕದ ಶಸ್ತ್ರಚಿಕಿತ್ಸೆಗಳ ಮೂರನೇ ಒಂದರಷ್ಟು ಬ್ಯಾಂಡ್ ಇದ್ದದ್ದು, 2018ರ ಹೊತ್ತಿಗೆ ಶೇ. 1ರ ಆಸುಪಾಸಿಗೆ ಬಂತು. ನಮ್ಮಲ್ಲೂ ಈಗ ಹೆಚ್ಚು ನಡೆಯುವುದು ಸ್ಲೀವ್ ಎಂಬ ಶಸ್ತ್ರಚಿಕಿತ್ಸೆ. ಹೊಸದಾಗಿ ಬ್ಯಾಂಡ್ ಹಾಕುವವರು ಕಡಿಮೆಯಾದರೆ ಹಳೆಯದನ್ನು ನೋಡಿಕೊಳ್ಳುವ ಕೈಗಳೂ ಕಡಿಮೆಯಾಗುತ್ತವೆ. ನಾನು ಬ್ಯಾಂಡ್ ಬೇಡವೆಂದು ತೀರ್ಮಾನಿಸಿದ್ದು ಇದಕ್ಕೇ. ಆ ಉಪಕರಣದ ಮೇಲಿನ ಬೆರಗು ನನಗೆ ಇನಿತೂ ಕುಗ್ಗಿಲ್ಲ.

ಈಗ ನನ್ನ ಮುಂದಿರುವ ದಾರಿ ಸ್ಲೀವ್. ಅಂದರೆ ಜಠರದ ಮುಕ್ಕಾಲು ಪಾಲಿಗೂ ಹೆಚ್ಚನ್ನು ಕತ್ತರಿಸಿ ತೆಗೆಯುವುದು. ಹೋದದ್ದು ಮರಳಿ ಬಾರದು, ಬಿ12 ಮುಂತಾದ ಮಾತ್ರೆಗಳೂ ಕೊನೆತನಕ ಬೇಕು. ನನಗೆ ಅದರ ಭಯವಿದೆ. ಮುಂದಿನ ವಾರ ವೈದ್ಯರನ್ನು ಕಾಣುವಾಗ ಅದನ್ನೇ ಮೊದಲು ಹೇಳಬೇಕು, ಚಿಕಿತ್ಸೆಯ ನಂತರ ವರ್ಷಗಟ್ಟಲೆ ನನ್ನನ್ನು ನೋಡಿಕೊಳ್ಳುವವರು ಯಾರು ಎಂದು ಕೇಳಬೇಕು. ಅತ್ತೆಯ ಮಗಳೂ ನನ್ನ ಜೊತೆ ಬರುತ್ತಾಳೆ. ಬೇರಿಯಂ ಕುಡಿಸಿ ಎಕ್ಸ್‌ರೇ ತೆಗೆದರೆ ಅವಳ ಬ್ಯಾಂಡ್ ಇದ್ದಲ್ಲೇ ಇದೆಯೋ ಜಾರಿದೆಯೋ ಗೊತ್ತಾಗುತ್ತದೆ. ಜಾರಿದ್ದರೆ ತೆಗೆಸಿಬಿಡೋಣ ಎಂದು ಅಣೆಕಟ್ಟೆಯ ಮೇಲೆಯೇ ಮಾತಾಡಿಕೊಂಡೆವು.